ಇಪ್ಪತ್ತನಾಲ್ಕು ಇಂಚಿನ ಚಡ್ಡಿ

ಇಂಚಕ್ಕನಿಗೆ ಸಿಟ್ಟು ಬಂದರೆ ಅದು ದಾರದ ಮೇಲೋ ಸೂಜಿಯ ಮೇಲೋ ಹೋಗಿ ಅಲ್ಲಿಗೇ ಮುಗಿಯುತ್ತಿತ್ತು. "ನಿನ್ನ ಮನೆ ಹಾಳಾಗ" ಎಂದು ಮೆಷಿನ್ನಿಗೆ ಬೈದು, ಎರಡು ಹನಿ ಎಣ್ಣೆ ಬಿಟ್ಟು, ಮತ್ತೆ ಪೆಡಲು ತುಳಿಯುವ ಹೆಂಗಸು ಅವಳು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು. ಮನುಷ್ಯರ ಮೇಲೆ, ಅದರಲ್ಲೂ ತನ್ನ ಮೇಲೆಯೇ, ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದದ್ದು ಆ ಬುಧವಾರವೇ ಮೊದಲು.

ಅವಳು ಹೆಣ್ಣುಮಕ್ಕಳ ಕಾಲೇಜೊಂದರ ಆಟದ ವಿಭಾಗದ ದರ್ಜಿ. ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದದ್ದರಿಂದ ಹುಡುಗಿಯರು ಇಂಚಕ್ಕ ಎಂದು ಹೆಸರಿಟ್ಟಿದ್ದರು. ಟೇಪಿಲ್ಲದೆ ಅವಳನ್ನು ನೋಡಿದವನು ಅವಳ ಗಂಡನೊಬ್ಬನೇ, ಅವನೂ ಅಪರೂಪಕ್ಕೆ ಎಂದು ಅವರವರಲ್ಲೇ ಕಿಸಕ್ಕನೆ ನಗುತ್ತಿದ್ದರು. ಅವಳ ಕಿವಿಗೆ ಬಿದ್ದರೂ "ಹಲ್ಲು ಉದುರಿಸ್ತೀನಿ ನೋಡಿ" ಎಂದು ಗದರಿ ಅವಳೂ ನಗುತ್ತಿದ್ದಳು.

ಅವಳ ಕೋಣೆ ಮೈದಾನದ ಗ್ಯಾಲರಿ ಮೆಟ್ಟಿಲುಗಳ ಕೆಳಗೆ. ಮೇಲ್ಛಾವಣಿ ಓರೆ. ಮೆಷಿನ್ನಿನ ಹತ್ತಿರ ಎದ್ದು ನಿಂತರೆ ತಲೆಗೆ ಪೆಟ್ಟು ಗ್ಯಾರಂಟಿ. ನೆಲಕ್ಕೆ ಸಮನಾಗಿ ಒಂದು ಉದ್ದನೆಯ ಕಿಟಕಿ ಇತ್ತು. ಅದರಿಂದ ಕಾಣುತ್ತಿದ್ದದ್ದು ಓಡುವವರ ಮೊಣಕಾಲಿನಿಂದ ಕೆಳಗಿನ ಭಾಗ ಮಾತ್ರ. ವರ್ಷಗಟ್ಟಲೆ ಅದನ್ನೇ ನೋಡಿ ನೋಡಿ ಪಾದ ನೋಡಿದರೆ ಸಾಕು, ಯಾರೆಂದು ಹೇಳಿಬಿಡುತ್ತಿದ್ದಳು. ಮುಖ ಕಂಡರೆ ಹೆಸರು ನೆನಪಾಗದೆ ತಡವರಿಸುವ ಹೆಂಗಸಿಗೆ ಹಿಮ್ಮಡಿ ಕಂಡರೆ ಜಾತಕವೇ ಗೊತ್ತು.

ಹೊಲಿಗೆಯಲ್ಲಿ ಅವಳಿಗೆ ಮೂರು ಹಟಗಳಿದ್ದವು. ಒಂದು, ಬಟ್ಟೆ ಬಿಗಿ ಮಾಡುವಾಗ ಹೆಚ್ಚಾದ ಬಟ್ಟೆಯನ್ನು ಕತ್ತರಿಸುವುದಿಲ್ಲ, ಒಳಗೆ ಮಡಚಿ ಹೊಲಿಯುವುದು. "ಮೈ ಇವತ್ತು ಇಳಿಯುತ್ತೆ, ನಾಳೆ ವಾಪಸ್ ಬರುತ್ತೆ. ಕತ್ತರಿಸಿದ ಬಟ್ಟೆ ವಾಪಸ್ ಬರುತ್ತಾ?" ಎನ್ನುತ್ತಿದ್ದಳು. ಎರಡು, ಪ್ರತಿ ಹುಡುಗಿಯ ಅಳತೆಯನ್ನೂ ತಾರೀಖು ಹಾಕಿ ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆಯುವುದು. ಮೂರನೆಯದನ್ನು ಹುಡುಗಿಯರು ಮಾತ್ರ ಬಲ್ಲರು. ತಂಡದ ಚಡ್ಡಿ ತಿಳಿನೀಲಿ ಬಣ್ಣದ್ದು. ತಿಂಗಳ ಆ ದಿನಗಳಲ್ಲಿ ಅದನ್ನು ಹಾಕಿಕೊಂಡು ಸಾವಿರ ಜನರೆದುರು ಓಡುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು. ಅದಕ್ಕೇ ಒಬ್ಬೊಬ್ಬಳೇ ಬಂದು "ಅಕ್ಕಾ, ಕಪ್ಪು ಹಾಕಿಕೊಡಿ" ಎಂದು ಪಿಸುಗುಡುತ್ತಿದ್ದರು. ಅವಳು ಚಡ್ಡಿಯ ಒಳಗೆ ಕಪ್ಪು ಹತ್ತಿ ಬಟ್ಟೆಯ ಪದರವೊಂದನ್ನು ಸೇರಿಸಿ ಹೊಲಿದು, ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಒಂದು ಕಪ್ಪು ಚುಕ್ಕಿ ಇಡುತ್ತಿದ್ದಳು. ಆ ಪದರ ಬೇಗ ಸವೆಯುತ್ತದೆ. ಮೂರು ತಿಂಗಳಿಗೊಮ್ಮೆ ಹೊಸದು, ಮೂರು ತಿಂಗಳಿಗೊಮ್ಮೆ ಒಂದು ಚುಕ್ಕಿ.

ಇನ್ನು ಕೋಚ್ ಮೇಡಂ. ಆಕೆಯೂ ಇದೇ ಕಾಲೇಜಿನಲ್ಲಿ ಓದಿ, ಇದೇ ಮೈದಾನದಲ್ಲಿ ಓಡಿ, ಅಂತರಕಾಲೇಜು ಓಟದಲ್ಲಿ ಮೊದಲ ಸ್ಥಾನ ಗೆದ್ದವಳು. ಗೆದ್ದ ವರ್ಷವೇ ಎಡಪಾದದ ಮೂಳೆ ಮುರಿದು ಓಟ ನಿಂತುಹೋಯಿತು. ಈಗಲೂ ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾಳೆ. ಗೆದ್ದ ದಿನ ತೊಟ್ಟಿದ್ದ ಚಡ್ಡಿಯನ್ನು ತನ್ನ ಆಫೀಸಿನ ಗಾಜಿನ ಬೀರುವಿನಲ್ಲಿ, ಪ್ರಮಾಣಪತ್ರದ ಕೆಳಗೆ ಇಟ್ಟಿದ್ದಾಳೆ. ಸೊಂಟ ಇಪ್ಪತ್ತನಾಲ್ಕು ಇಂಚು, ಪಕ್ಕದಲ್ಲಿ ಎರಡು ಗುಂಡಿ. ಪ್ರತಿ ಸೋಮವಾರ ಬೆಳಿಗ್ಗೆ ತಂಡದ ಎಂಟೂ ಹುಡುಗಿಯರು ಸಾಲಾಗಿ ಬಂದು ಆ ಚಡ್ಡಿ ಹಾಕಿ ತೋರಿಸಬೇಕು. ಗುಂಡಿ ಕೂತರೆ ಆ ವಾರ ಸಂಜೆ ಹಾಸ್ಟೆಲಿನಲ್ಲಿ ತಟ್ಟೆ ಉಂಟು. ಕೂರದಿದ್ದರೆ ಒಂದು ಲೋಟ ನೀರುಸಾರು, ಅಷ್ಟೆ. ಇಲಾಸ್ಟಿಕ್ಕಿನ ಚಡ್ಡಿ ಆಗುವುದಿಲ್ಲವಂತೆ, ಇಲಾಸ್ಟಿಕ್ ಸುಳ್ಳು ಹೇಳುತ್ತದಂತೆ. ಅಲ್ಲ, ಎಂಟು ಹುಡುಗಿಯರಿಗೆ ಒಂದೇ ಸೊಂಟವೇ? ಒಬ್ಬಳು ಬಾಗಿಲಿನಷ್ಟು ಎತ್ತರ, ಇನ್ನೊಬ್ಬಳು ಅವಳ ಭುಜಕ್ಕೂ ಬರುವುದಿಲ್ಲ. ಎಂಟು ಪಾತ್ರೆಗೆ ಒಂದೇ ಮುಚ್ಚಳ ಹುಡುಕುವ ಬುದ್ಧಿವಂತಿಕೆ ಇದು. ಆದರೂ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಗೆದ್ದವಳ ಚಡ್ಡಿ ತಾನೇ!

ಇಂಚಕ್ಕನೂ ಅನ್ನಲಿಲ್ಲ. ಅನ್ನುವುದಿರಲಿ, "ಭೇಷ್ ಕಣೇ, ಒಂದಿಂಚು ಇಳಿದಿದ್ದೀಯ" ಎಂದು ಬೆನ್ನು ತಟ್ಟಿದವಳೇ ಅವಳು. ಮಧ್ಯಾಹ್ನ ಅವಳು ಡಬ್ಬಿ ಬಿಚ್ಚಿದಾಗ ಅಳತೆಗೆ ಬಂದ ಹುಡುಗಿಯರು ಅದನ್ನೊಮ್ಮೆ ನೋಡಿ ಮುಖ ತಿರುಗಿಸುತ್ತಿದ್ದರು. ತಿನ್ನುವವರ ತಟ್ಟೆ ನೋಡಬಾರದೆಂಬ ಸಂಸ್ಕಾರ, ಎಷ್ಟು ಚೆನ್ನಾಗಿ ಬೆಳೆಸಿದ್ದಾರೆ ಎಂದುಕೊಂಡು ಅವಳು ತನ್ನ ಪಾಡಿಗೆ ಎರಡನೇ ಡಬ್ಬಿಗೆ ಕೈ ಹಾಕುತ್ತಿದ್ದಳು. ಹೊಟ್ಟೆಗೆ ಮೋಸ ಮಾಡಿಕೊಳ್ಳುವವಳಲ್ಲ ಇಂಚಕ್ಕ.

ಆ ಹುಡುಗಿಯರಲ್ಲಿ ಒಬ್ಬಳು ಮಿಡತೆ. ಮೈಗಿಂತ ಕಾಲೇ ಉದ್ದವೆಂದು ಇಂಚಕ್ಕನೇ ಇಟ್ಟ ಹೆಸರು. ಎರಡನೇ ವರ್ಷದವಳು, ಆಟದ ಕೋಟಾದಲ್ಲಿ ಕಾಲೇಜು ಮತ್ತು ಹಾಸ್ಟೆಲ್ ಸೀಟು ಸಿಕ್ಕವಳು. ಮೊದಲ ವರ್ಷ ಅವಳ ಪಾದ ಕಿಟಕಿಯೆದುರು ಹಾದರೆ ನೆಲ ಮುಟ್ಟಿತೋ ಇಲ್ಲವೋ ಎನ್ನುವ ಹಾಗಿರುತ್ತಿತ್ತು. ಈಚೆಗೆ ಮೂರು ವಾರದಿಂದ ಬಲಪಾದ ನೆಲಕ್ಕೆ ಬೀಳುವ ಮುನ್ನ ಒಂದು ಕ್ಷಣ ಅನುಮಾನಿಸುತ್ತಿರುವುದನ್ನು ಇಂಚಕ್ಕ ನೋಡುತ್ತಿದ್ದಳು.

ಬುಧವಾರ ಮಧ್ಯಾಹ್ನ ಮಿಡತೆ ಚಡ್ಡಿ ಹಿಡಿದುಕೊಂಡು ಬಂದಳು. "ಅಕ್ಕಾ, ಸಡಿಲ ಆಗಿದೆ. ಭಾನುವಾರ ಓಟ ಇದೆ, ಸ್ವಲ್ಪ ಬಿಗಿ ಮಾಡಿಕೊಡಿ."

ಇಂಚಕ್ಕ ಟೇಪು ಸುತ್ತಿದಳು. ಇಪ್ಪತ್ತನಾಲ್ಕಕ್ಕೂ ಒಂದು ಗೆರೆ ಕಡಿಮೆ. ಟೇಪಿನ ಕೆಳಗೆ ಸೊಂಟದ ಮೂಳೆ ಕೈಗೆ ಒತ್ತಿತು.

"ಕಾಲಿಗೇನಾಗಿದೆ?"

"ಏನಿಲ್ಲಕ್ಕ. ಸ್ವಲ್ಪ ನೋವು."

"ಕಪ್ಪು ಹಾಕ್ಲಾ? ಓಟದ ದಿನ ಬೇಕಾದೀತು."

"ಬೇಡಕ್ಕ. ಈಗ ಅದರ ರಗಳೆ ಇಲ್ಲ."

"ಇಲ್ಲ ಅಂದ್ರೆ? ಎಷ್ಟು ದಿನದಿಂದ ಇಲ್ಲ?"

ಮಿಡತೆ ಬೆರಳು ಮಡಚಿದಳು. "ಏಳು ತಿಂಗಳು. ನಮ್ಮಲ್ಲಿ ನಾಲ್ಕು ಜನಕ್ಕೆ ಹಾಗೇ ಇದೆ. ಒಳ್ಳೇದೇ ಅಲ್ವಾ ಅಕ್ಕ? ಮೈ ಓಟಕ್ಕೆ ಹದವಾಗಿದೆ ಅಂತ ಲಕ್ಷಣ ಅಂತೆ, ಮೇಡಂ ಹೇಳಿದ್ರು."

"ಒಳ್ಳೇದಾ?" ಇಂಚಕ್ಕ ಎದ್ದಳು. ತಲೆ ಛಾವಣಿಗೆ ಬಡಿಯಿತು. "ಇಪ್ಪತ್ತು ವರ್ಷದ ಹುಡುಗಿಗೆ ಏಳು ತಿಂಗಳಿಂದ ನಿಂತಿದೆ, ಅದು ಒಳ್ಳೇದಾ? ಯಾವ ಬಾಯಲ್ಲಿ ಹೇಳಿದಳು ಅದನ್ನ?"

ಮಿಡತೆ ಹೆದರಿ ಚಡ್ಡಿ ಅಲ್ಲೇ ಬಿಟ್ಟು ಓಡಿದಳು. ಓಡುವಾಗಲೂ ಬಲಗಾಲು ಕುಂಟುತ್ತಿತ್ತು.

ಇಂಚಕ್ಕ ಚಡ್ಡಿ ಮುಟ್ಟಲಿಲ್ಲ. ಪುಸ್ತಕ ತೆಗೆದಳು. ಮಿಡತೆಯ ಸಾಲು ನೋಡಿದಳು: ಇಪ್ಪತ್ತೇಳು, ಚುಕ್ಕಿ. ಇಪ್ಪತ್ತಾರೂವರೆ, ಚುಕ್ಕಿ. ಇಪ್ಪತ್ತೈದೂವರೆ. ಚುಕ್ಕಿ ಇಲ್ಲ. ಇಪ್ಪತ್ತನಾಲ್ಕೂವರೆ. ಚುಕ್ಕಿ ಇಲ್ಲ. ಹಿಂದಿನ ವರ್ಷದ ಪುಸ್ತಕ ತೆಗೆದಳು, ಅದರ ಹಿಂದಿನದು, ಅದಕ್ಕೂ ಹಿಂದಿನದು. ಟ್ರಂಕಿನ ತಳದಲ್ಲಿದ್ದ ಹಳೆಯದನ್ನೂ ಧೂಳು ಕೊಡವಿ ತೆಗೆದಳು. ಎಲ್ಲ ಕಡೆ ಅದೇ ಕಥೆ. ಸೊಂಟ ಇಳಿಯುತ್ತದೆ, ಚುಕ್ಕಿ ನಿಲ್ಲುತ್ತದೆ, ಆಮೇಲೆ ಒಂದೆರಡು ಅಳತೆ, ಆಮೇಲೆ ಅವಳದೇ ಕೈಬರಹದಲ್ಲಿ 'ಬರಲಿಲ್ಲ'. ಹೊಸ ವರ್ಷದ ಅಳತೆಗೆ ಬಾರದವರ ಹೆಸರಿನ ಮುಂದೆ ಅವಳು ಬರೆಯುತ್ತಿದ್ದ ಪದ ಅದು. ಯಾಕೆ ಬರಲಿಲ್ಲ ಎಂದು ಈಗ ಒಂದೊಂದಾಗಿ ನೆನಪಾಯಿತು. ಇವಳಿಗೆ ಪಾದದ ಮೂಳೆ. ಇವಳಿಗೆ ತೊಡೆಯ ಸಂದು. ಇವಳು ಮೈದಾನದಲ್ಲೇ ತಲೆತಿರುಗಿ ಬಿದ್ದು ಕಾಲೇಜೇ ಬಿಟ್ಟಳು. ಹನ್ನೊಂದು ಹೆಸರುಗಳಿದ್ದವು. ಎಲ್ಲಕ್ಕಿಂತ ಹಳೆಯ ಪುಸ್ತಕದಲ್ಲಿದ್ದ ಮೊದಲನೆಯ ಹೆಸರು ಕೋಚ್ ಮೇಡಂದು.

ಆ ಪುಟವನ್ನು ಅವಳು ಮೂರು ಸಲ ಓದಿದಳು. ಆಮೇಲೆ "ಅಯ್ಯೋ ನನ್ನ ಕಣ್ಣಿಗಿಷ್ಟು ಮಣ್ಣು ಹಾಕ" ಎಂದು ಹಣೆ ಚಚ್ಚಿಕೊಂಡಳು.

ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಬಸ್ಸು ಓಡಿಸಿ ದಣಿದು ಬಂದ ಮನುಷ್ಯ ಸಮಾಧಾನ ಹೇಳಬಹುದಿತ್ತು. "ಅಲ್ಲ ಮಾರಾಯ್ತಿ, ಇಪ್ಪತ್ತೆರಡು ವರ್ಷ ನೀನೇ ಬರೆದಿದ್ದೀಯ. ಒಂದು ಸಲಾನೂ ತಿರುಗಿಸಿ ಓದಲಿಲ್ವಾ?" ಎಂದು ಕೇಳಿದ. ಅವಳು ಪಾತ್ರೆಗಳನ್ನು ಮಾತ್ರ ಅಂದು ಬೇಕಾದ್ದಕ್ಕಿಂತ ಜೋರಾಗಿ ತೊಳೆದಳು.

ಗುರುವಾರ ಬೆಳಿಗ್ಗೆ ಮಿಡತೆಯ ರಟ್ಟೆ ಹಿಡಿದು ಸರ್ಕಾರಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಕಾಲಿನ ಫೋಟೋ ತೆಗೆಸಿ ನೋಡಿ, ಬಲಗಾಲಿನ ಮುಂಗಾಲ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಇದೆ ಎಂದರು. ದಿನಕ್ಕೆ ಏನೇನು ತಿನ್ನುತ್ತೀಯ ಎಂದು ಕೇಳಿದರು. ಬೆಳಿಗ್ಗೆ ಕಪ್ಪು ಕಾಫಿ, ಎರಡು ಗಂಟೆ ಓಡಿದ ಮೇಲೆ ಒಂದು ಬಾಳೆಹಣ್ಣು, ಮಧ್ಯಾಹ್ನ ಅರ್ಧ ತಟ್ಟೆ, ಗುಂಡಿ ಕೂತರೆ ಸಂಜೆ ಇನ್ನರ್ಧ. ಮಿಡತೆ ಪಾಠ ಒಪ್ಪಿಸುವ ಹಾಗೆ ಹೆಮ್ಮೆಯಿಂದಲೇ ಹೇಳಿದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೋಡಮ್ಮ, ಸುಮ್ಮನೆ ಕೂತವರಿಗೂ ಇದು ಸಾಲಲ್ಲ. ಉಸಿರಾಡೋಕೆ, ರಕ್ತ ಮಾಡೋಕೆ, ಮೂಳೆ ಕಟ್ಟೋಕೆ ಮೈಗೆ ಒಂದು ಪಾಲು ಊಟ ಬೇಕು. ಓಡೋದಕ್ಕೆ ಅದರ ಮೇಲೆ ಬೇರೆ ಪಾಲು ಬೇಕು. ನೀನು ಎರಡನೇ ಪಾಲು ಕೊಡ್ತಾನೇ ಇಲ್ಲ, ಮೊದಲನೇದರಲ್ಲೂ ಕದ್ದಿದ್ದೀಯ. ಆಗ ಮೈ ಏನು ಮಾಡುತ್ತೆ? ನಿನ್ನನ್ನ ಬದುಕಿಸೋದಕ್ಕೆ ಯಾವುದು ತುರ್ತಲ್ವೋ ಅದನ್ನ ನಿಲ್ಲಿಸುತ್ತೆ. ಮೊದಲು ತಿಂಗಳದ್ದು ನಿಲ್ಲಿಸಿತು. ಅದು ನಿಂತರೆ ಮೂಳೆ ಗಟ್ಟಿಯಾಗಲ್ಲ. ಈ ವಯಸ್ಸಿನಲ್ಲಿ ಕಟ್ಟಿಕೊಳ್ಳದ ಮೂಳೆ ಮುಂದೆ ಎಲ್ಲಿಂದ ಬರುತ್ತೆ? ಭಾನುವಾರ ಓಡಿದರೆ ಈ ಬಿರುಕು ಪೂರ್ತಿ ಮುರಿಯುತ್ತೆ. ಎಂಟು ವಾರ ಓಟ ಇಲ್ಲ, ಮೂರು ಹೊತ್ತೂ ಹೊಟ್ಟೆ ತುಂಬ ಊಟ, ಹಾಲು, ಮೊಟ್ಟೆ."

"ಓಡದಿದ್ರೆ ಸೀಟು ಹೋಗುತ್ತೆ," ಎಂದಳು ಮಿಡತೆ. ಕಾಲು ಮುರಿಯುತ್ತದೆ ಎಂದಾಗ ಬಾರದ ಅಳು ಅವಳಿಗೆ ಆಗ ಬಂತು.

ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ಇಂಚಕ್ಕ ಮೇಡಂ ಆಫೀಸಿನಲ್ಲಿದ್ದಳು. ಒಂದು ಕಂಕುಳಲ್ಲಿ ಹಳೆಯ ಪುಸ್ತಕ, ಕೈಯಲ್ಲಿ ಆಸ್ಪತ್ರೆಯ ಚೀಟಿ. ಮೇಡಂ ಚೀಟಿ ಓದಿ ಮೇಜಿನ ಮೇಲೆ ಸರಿಸಿದಳು.

"ಈ ಡಾಕ್ಟರುಗಳಿಗೆ ಓಟ ಗೊತ್ತಿಲ್ಲ ಇಂಚಕ್ಕ. ನೋವು ಯಾರಿಗಿಲ್ಲ? ನನಗೂ ಇತ್ತು. ಭಾನುವಾರ ಓಡಲಿ, ಆಮೇಲೆ ಬೇಕಾದ್ರೆ ಮಲಗಲಿ. ಓಡಲ್ಲ ಅಂದ್ರೆ ಆಟದ ಸೀಟು ಅವಳಿಗ್ಯಾಕೆ?"

"ನೀವು ಗೆದ್ದದ್ದು ಯಾವ ತಿಂಗಳು ಮೇಡಂ?"

"ಫೆಬ್ರವರಿ. ಅಲ್ಲೇ ಗೋಡೆ ಮೇಲಿದೆಯಲ್ಲ."

ಇಂಚಕ್ಕ ಪುಸ್ತಕ ಬಿಚ್ಚಿ ಎದುರಿಗಿಟ್ಟಳು. "ಓದಿ."

ಜನವರಿ, ಇಪ್ಪತ್ತೇಳು, ಚುಕ್ಕಿ. ಏಪ್ರಿಲ್, ಇಪ್ಪತ್ತಾರು. ಜುಲೈ, ಇಪ್ಪತ್ತೈದು. ಸೆಪ್ಟೆಂಬರ್, ಇಪ್ಪತ್ತನಾಲ್ಕು. ಜನವರಿ, ಬರಲಿಲ್ಲ.

"ಗೆದ್ದಾಗ ನಿಮ್ಮ ಸೊಂಟ ಇಪ್ಪತ್ತೇಳು. ಆಮೇಲೆ ಮೂರು ಸಲ ಬಿಗಿ ಮಾಡಿಸಿಕೊಂಡ್ರಿ. ಇಪ್ಪತ್ತನಾಲ್ಕಾದ ಮೇಲೆ ನೀವು ಗೆದ್ದಿಲ್ಲ, ಮೂಳೆ ಮುರಿದುಕೊಂಡು ಮಲಗಿದ್ರಿ. ಇದು ಗೆದ್ದ ಅಳತೆ ಅಲ್ಲ ಮೇಡಂ, ಮುರಿದ ಅಳತೆ. ಈ ಅಳತೆಗೆ ನೀವು ಮಕ್ಕಳನ್ನ ತುರುಕುತಾ ಇದ್ದೀರಿ."

ಮೇಡಂ ಮುಖ ಕೆಂಪಾಯಿತು. "ಹಳೇ ಪುಸ್ತಕ. ನಿಮ್ಮಿಂದ ಬರೆಯೋದರಲ್ಲಿ ಏನೋ ತಪ್ಪಾಗಿರಬಹುದು."

ಬೇರೆ ಏನೆಂದಿದ್ದರೂ ಇಂಚಕ್ಕ ಸಹಿಸುತ್ತಿದ್ದಳೇನೋ. "ನನ್ನ ಪುಸ್ತಕದಲ್ಲಿ ತಪ್ಪಾ?" ಎಂದವಳೇ ಗಾಜಿನ ಬೀರುವಿನ ಬಾಗಿಲು ಎಳೆದಳು. ಚಡ್ಡಿ ಹೊರಗೆ ಬಂತು. ಮೇಡಂ "ಏಯ್, ಮುಟ್ಟಬೇಡಿ" ಎಂದು ಏಳುವುದರೊಳಗೆ ಅದನ್ನು ತಿರುವಿ ಹಾಕಿ, ಸೆರಗಿಗೆ ಸಿಕ್ಕಿಸಿಕೊಂಡಿದ್ದ ಹೊಲಿಗೆ ಬಿಚ್ಚುವ ಬ್ಲೇಡು ತೆಗೆದಳು. ಒಳಗೆ ದಪ್ಪ ಮಡಿಕೆಯಿತ್ತು, ಅದರ ಮೇಲೆ ಮೂರು ಸಾಲು ಹೊಲಿಗೆ. ಒಂದು ಸಾಲು ಕೊಯ್ದಳು. "ಇಪ್ಪತ್ತೈದು." ಇನ್ನೊಂದು. "ಇಪ್ಪತ್ತಾರು." ಮೂರನೆಯದು ಬಿಚ್ಚಿಕೊಂಡಾಗ ಮಡಿಕೆ ಪೂರ್ತಿ ತೆರೆಯಿತು. ಇಪ್ಪತ್ತೆರಡು ವರ್ಷ ಬೆಳಕಿನಲ್ಲಿದ್ದು ಬೂದಿ ಬಣ್ಣಕ್ಕೆ ತಿರುಗಿದ್ದ ಚಡ್ಡಿಯ ನಡುವೆ ಮೂರಿಂಚು ಅಗಲದ ತಿಳಿನೀಲಿ ಪಟ್ಟಿ, ನಿನ್ನೆ ತಾನೇ ಅಂಗಡಿಯ ಬಟ್ಟೆ ಸುರುಳಿಯಿಂದ ಕತ್ತರಿಸಿದ್ದೇನೋ ಎನ್ನುವಷ್ಟು ಹೊಸದಾಗಿ ಕಂಡಿತು.

"ನಾನು ಬಟ್ಟೆ ಕತ್ತರಿಸಲ್ಲ, ನಿನಗೆ ಗೊತ್ತಲ್ಲ," ಎಂದಳು ಇಂಚಕ್ಕ. ಎದುರಿದ್ದ ಮೇಡಂನಲ್ಲಿ ಅವಳಿಗೀಗ ಅಂದಿನ ಓಟದ ಹುಡುಗಿಯೇ ಕಾಣುತ್ತಿದ್ದಳು, ನೀವು ಎನ್ನುವುದು ಮರೆತೇ ಹೋಗಿತ್ತು. "ನೀನು ಗೆದ್ದ ಚಡ್ಡಿ ಇದು."

ಮೇಡಂ ಬಾಗಿಲು ಮುಚ್ಚಿ ಬಂದಳು. ಆಮೇಲೆ ಮೆಲ್ಲಗೆ, "ಮೊದಲಿನ ಹಾಗೆ ಹೊಲಿದುಬಿಡಿ ಅಕ್ಕ. ಸೋಮವಾರದೊಳಗೆ. ಯಾರಿಗೂ ಹೇಳೋದು ಬೇಡ," ಎಂದಳು.

ಇಂಚಕ್ಕನಿಗೆ ನಖಶಿಖಾಂತ ಉರಿದುಹೋಯಿತು. ಚಡ್ಡಿ ಎತ್ತಿಕೊಂಡು ನೇರ ಮೈದಾನಕ್ಕೆ ನಡೆದಳು. ಸೀಟು ಹೋದೀತೆಂಬ ಭಯಕ್ಕೆ ಬಂದಿದ್ದ ಮಿಡತೆಯೂ ಸೇರಿ ಎಂಟು ಹುಡುಗಿಯರು ಓಟಕ್ಕೆ ಮುನ್ನ ಕೈಕಾಲು ಸಡಿಲಿಸುತ್ತಿದ್ದರು.

"ಮಿಡತೆ, ಬಾ ಇಲ್ಲಿ. ಬಟ್ಟೆ ಮೇಲೇ ಇದನ್ನ ಹಾಕ್ಕೋ."

"ಅಕ್ಕಾ, ಇವತ್ತು ಶುಕ್ರವಾರ..."

"ಹಾಕ್ಕೋ ಅಂದೆ!"

ಮಿಡತೆ ಹಾಕಿಕೊಂಡಳು. ಇಂಚಕ್ಕ ಎರಡೂ ಗುಂಡಿ ಹಾಕಿ ಕೈ ಬಿಟ್ಟಳು. ಚಡ್ಡಿ ಸೊಂಟದಲ್ಲಿ ಒಂದು ಕ್ಷಣವೂ ನಿಲ್ಲದೆ ಜಾರಿ ಪಾದದ ಸುತ್ತ ಬಿತ್ತು. ಯಾರೋ ನಗಲು ಶುರುಮಾಡಿ, ಇಂಚಕ್ಕನ ಮುಖ ನೋಡಿ ನಿಲ್ಲಿಸಿದರು.

"ನೋಡ್ಕೊಳ್ಳಿ ಎಲ್ಲರೂ. ಮೇಡಂ ಗೆದ್ದದ್ದು ಇದರಲ್ಲಿ, ಇಷ್ಟು ದೊಡ್ಡದರಲ್ಲಿ. ನೀವು ಪ್ರತಿ ಸೋಮವಾರ ಉಸಿರು ಬಿಗಿಹಿಡಿದು ತೂರಿಕೊಳ್ತಿದ್ದದ್ದು ಅವರು ಕಾಲು ಮುರಿದುಕೊಂಡ ಅಳತೆಗೆ. ಎರಡನ್ನೂ ಹೊಲಿದವಳು ನಾನೇ. ನಿಮ್ಮ ಬೆನ್ನು ತಟ್ಟಿದವಳೂ ನಾನೇ, ಪಾಪಿ. ಇನ್ನು ಯಾರಾದ್ರೂ ಬಿಗಿ ಮಾಡಿಕೊಡಿ ಅಂತ ನನ್ನ ಕೋಣೆಗೆ ಬಂದ್ರೆ ಇದೇ ಟೇಪಿನಲ್ಲಿ ಬಾರಿಸ್ತೀನಿ."

ಎಡಗಾಲು ಎಳೆಯುತ್ತ ಮೇಡಂ ಬಂದು ನಿಂತಿದ್ದಳು. ಬಗ್ಗಿ, ಮಿಡತೆಯ ಪಾದದ ಹತ್ತಿರ ಬಿದ್ದಿದ್ದ ಚಡ್ಡಿಯನ್ನು ತಾನೇ ಎತ್ತಿಕೊಂಡಳು. ನೀಲಿ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದಳು.

"ಆಗ ನಾನು ತಿಂತಿದ್ದೆ," ಎಂದಳು, ಯಾರಿಗೆಂದಿಲ್ಲದೆ. "ಹಾಸ್ಟೆಲಿನಲ್ಲಿ ಎಲ್ಲರಿಗಿಂತ ಹೆಚ್ಚು. ಎಲ್ಲರೂ ತಮಾಷೆ ಮಾಡ್ತಿದ್ರು. ಗೆದ್ದ ಮೇಲೆ, ಇಷ್ಟು ತಿಂದೇ ಇಷ್ಟು ವೇಗ ಅಂದ್ರೆ ತಿನ್ನದಿದ್ರೆ ಇನ್ನೆಷ್ಟು ಅಂತ ನಮ್ಮ ಕೋಚು ಅಂದ್ರು."

ಅಯ್ಯೋ ಪಾಪ ಎನ್ನಬೇಕಿತ್ತು. ಇಂಚಕ್ಕನ ಬಾಯಿಂದ ಅದು ಬರಲಿಲ್ಲ. "ಆಮೇಲಿನ ಹತ್ತು ಜನ? ಅವರಿಗೆ ಏನು ಹೇಳ್ತೀಯ?" ಎಂದು ಕೇಳಿದಳು. ಮೇಡಂ ಭಾನುವಾರದ ಪಟ್ಟಿ ಜೇಬಿನಿಂದ ತೆಗೆದು ಮಿಡತೆಯ ಹೆಸರು ಹೊಡೆದುಹಾಕಿ, "ಸೀಟಿಗೆ ನಾನು ಬರೆದುಕೊಡ್ತೀನಿ. ಹೋಗಿ ತಿಂಡಿ ತಿನ್ನಿ, ಎಲ್ಲರೂ," ಎಂದಳು.

ಸೋಮವಾರ ಗಾಜಿನ ಬೀರು ಖಾಲಿ ಇತ್ತು, ಸಂಜೆ ಎಂಟು ತಟ್ಟೆಗಳೂ ಬಂದವು. ಹಾಗೆಂದು ಎಲ್ಲ ಸರಿಹೋಯಿತೆಂದು ಯಾರೂ ತಿಳಿಯಬೇಕಿಲ್ಲ. ತಿನ್ನಲು ಹೆದರುವ ಹುಡುಗಿಯರು ಒಂದೇ ದಿನಕ್ಕೆ ತಿನ್ನಲು ಕಲಿಯುವುದಿಲ್ಲ. ಮಿಡತೆ ಎರಡು ತಿಂಗಳು ಕಾಲಿಗೆ ಪಟ್ಟಿ ಕಟ್ಟಿಕೊಂಡು ಇಂಚಕ್ಕನ ಕೋಣೆಯಲ್ಲೇ ಕೂತು ಮಧ್ಯಾಹ್ನದ ಡಬ್ಬಿ ಮುಗಿಸುತ್ತಿದ್ದಳು. ಒಂದು ತುತ್ತು ಬಿಟ್ಟರೂ ಬೈಗುಳದ ಮಳೆ. ಗಂಡನ ಡಬ್ಬಿ ಚಿಕ್ಕದಾಯಿತೆಂದು ಅವನು ಮನೆಯಲ್ಲಿ ಗೊಣಗಿದ. "ನಿಮ್ಮ ಸೊಂಟ ಎಷ್ಟಿಂಚು ಅಂತ ನನಗೆ ಗೊತ್ತು, ಸುಮ್ಮನಿರಿ," ಎಂದಳು ಇಂಚಕ್ಕ. ಪುಸ್ತಕದ ಆ ಹತ್ತು ಹೆಸರುಗಳಿಂದ ಹುಟ್ಟಿದ ಸಿಟ್ಟು ಮಾತ್ರ, ಅಂದರೆ ತನ್ನ ಮೇಲಿನ ಸಿಟ್ಟು, ಅವಳಿಗೆ ಇಳಿಯಲೇ ಇಲ್ಲ.

ಐದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನೆಲದ ಕಿಟಕಿಯ ಹೊರಗೆ ಪರಿಚಯದ ಪಾದಗಳು ನಿಂತವು. ಆಮೇಲೆ ಮಂಡಿ ಊರಿದವು. ಮಿಡತೆ ತಲೆ ಬಗ್ಗಿಸಿ, ಒಳಗೆ ಬೇರೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು.

"ಅಕ್ಕಾ," ಎಂದಳು ಮೆಲ್ಲಗೆ. "ಕಪ್ಪು ಹಾಕಿಕೊಡ್ತೀರಾ?"

ಮೆಷಿನ್ ನಿಂತಿತು. "ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ, ಮುಂಡೇದೇ?" ಎಂದು ಇಂಚಕ್ಕ ಕೂಗಿದಳು. ಕಣ್ಣು ಮಂಜಾಗಿ ಪೆನ್ನು ಸಿಗಲಿಲ್ಲ. ತಡಕಾಡಿ ಹುಡುಕಿ, ಪುಸ್ತಕದಲ್ಲಿ ಹುಡುಗಿಯ ಹೆಸರಿನ ಮುಂದೆ, ಒತ್ತಿ, ಒಂದು ಚುಕ್ಕಿ ಇಟ್ಟಳು.